ಐತಪ್ಪನ ಚಿಲಿ ಪೇರಳೆ

ಲಂಡನ್ನಿನ ಪಾರ್ಕ್ ರಾಯಲ್‌ನ ಫ್ಯಾಕ್ಟರಿಯೊಂದರಲ್ಲಿ ಐತಪ್ಪ ದಿನಕ್ಕೆ ಸಾವಿರಾರು ಚಪಾತಿ ಬೇಯಿಸುತ್ತಾನೆ. ಅರ್ಧ ಲಂಡನ್ ಅವನ ಕೈಯಡುಗೆ ಉಣ್ಣುತ್ತದೆ ಎಂದರೂ ತಪ್ಪಲ್ಲ. ಅವನ ಮುಂದೆ ಕೂತು ಉಂಡವರು ಮಾತ್ರ ಯಾರೂ ಇಲ್ಲ. ಉಡುಪಿಯಿಂದ ಹೋಟೆಲ್ ಅಡುಗೆಗೆಂದು ಬಂದವನು ಮದುವೆಯ ಮಾತನ್ನು ಮುಂದಕ್ಕೆ ಹಾಕುತ್ತ ಹಾಕುತ್ತ ಐವತ್ತೆಂಟು ದಾಟಿದ. ಹೇಸ್‌ನ ಬಾಡಿಗೆ ಮನೆಯಲ್ಲಿ ಈಗ ಅವನೊಬ್ಬನೇ.

ಮೂರು ವರ್ಷದ ಹಿಂದೆ ಅಂಗಡಿಯಿಂದ ಒಂದು ಗಿಡ ತಂದ. ಚಿಲಿ ದೇಶದ ಪೇರಳೆಯಂತೆ. ಹೆಸರಿಗೆ ಪೇರಳೆ, ಹಣ್ಣು ಬಟಾಣಿಯಷ್ಟೇ. ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲ ಎಂದು ಅಂಗಡಿಯವಳು ಹೇಳಿದ್ದೇ ಸಾಕಾಯಿತು. ಬೋಳು ಹಿತ್ತಿಲು ನೋಡಿ ನೋಡಿ ಅವನು ಬೇಸತ್ತಿದ್ದ. ನಲ್ಲಿ ನೀರಿನ ಸುಣ್ಣ ಗಿಡಕ್ಕೆ ಆಗದೆಂದು ಮಳೆನೀರು ಹಿಡಿದು ಕುಂಡಕ್ಕೆ ಹಾಕಿದ. ಹಿಮ ಬಿದ್ದಾಗ ತನ್ನ ಶಾಲು ಹೊದೆಸಿದ. ತನಗೆ ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗದ ಆಸಾಮಿ ಇವನು.

ಈ ನವೆಂಬರಿನಲ್ಲಿ ಮೊದಲ ಸಲ ಹಣ್ಣಾಯಿತು. ಕೆಂಪಗೆ, ಘಮಘಮ. ಐತಪ್ಪ ಬಾಯಿಗೆ ಹಾಕಲಿಲ್ಲ. ಮೊದಲ ಫಲವನ್ನು ನೆಟ್ಟವನು ತಿನ್ನಬಾರದು, ಇನ್ನೊಬ್ಬರು ತಿಂದ ಮೇಲೆಯೇ ಅವನ ಪಾಲು ಎಂಬುದು ಅಮ್ಮನ ಕಟ್ಟಳೆ. ಊರಲ್ಲಾದರೆ ಬೇಲಿಯಾಚೆ ಕೂಗಿದರೆ ಸಾಕು, ನಾಲ್ಕು ಕೈ ಚಾಚುತ್ತಿದ್ದವು. ಇಲ್ಲಿ ಫ್ಯಾಕ್ಟರಿಯೊಳಗೆ ಹೊರಗಿನ ತಿಂಡಿ ಒಯ್ಯುವಂತಿಲ್ಲ. ಎಡಮನೆಯವರು ಕಿಟಕಿಯಿಂದಲೇ ನಕ್ಕು, ಬೇಡವೆಂದು ಕೈಯಾಡಿಸಿದರು. ಉಳಿದವಳು ಬಲಮನೆಯ ವಿಜೇತಾ, ಮೈಸೂರಿನವಳು, ಮನೆಯಿಂದಲೇ ಆಫೀಸಿನ ಕೆಲಸ.

"ಹಿತ್ತಿಲದ್ದು, ಮೊದಲ ಹಣ್ಣು. ನೀವು ತಿಂದು ಹೇಳ್ಬೇಕು ಮಾರಾಯ್ರೆ" ಎಂದು ಡಬ್ಬಿ ನೀಡಿದ.

"ಅಯ್ಯೋ, ಯಾಕೆ ಅಂಕಲ್ ಇದೆಲ್ಲ? ಕಾಲ್‌ನಲ್ಲಿದ್ದೀನಿ, ಆಮೇಲೆ ತಿಂತೀನಿ."

ಎರಡು ದಿನ ಐತಪ್ಪ ಗಿಡದ ಸುತ್ತ ಸುಳಿದಾಡಿದ, ಒಂದು ಹಣ್ಣನ್ನೂ ಮುಟ್ಟಲಿಲ್ಲ. ಮೂರನೆಯ ದಿನ ವಿಜೇತಾ ಡಬ್ಬಿ ತೊಳೆದು ತಂದಳು. ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆಯನ್ನೂ ಹಾಕಿದ್ದಳು.

"ತಿಂದ್ರಾ?"

"ಹೂಂ ಅಂಕಲ್, ತುಂಬ ಚೆನ್ನಾಗಿತ್ತು. ಸ್ವಲ್ಪ ಹುಳಿ, ಅಷ್ಟೇ."

ಐತಪ್ಪನಿಗೆ ಕಣ್ಣು ತುಂಬಿ ಬಂತು. ಹುಳಿಯಾದರೇನು, ಈ ಊರಲ್ಲಿ ಒಬ್ಬರಾದರೂ ತನ್ನ ಕೈಯಿಂದ ತಿಂದರಲ್ಲ ಎಂದು ಹಿಗ್ಗಿದ. ಬಾಗಿಲು ಹಾಕಿ ನೇರ ಹಿತ್ತಿಲಿಗೆ ಹೋಗಿ, ಒಂದು ಹಣ್ಣು ಕಿತ್ತು ಬಾಯಿಗಿಟ್ಟ.

ಸಿಹಿ. ಹುಳಿಯ ಸುಳಿವೇ ಇರಲಿಲ್ಲ. ಇನ್ನೊಂದು ತಿಂದ, ಅದೂ ಸಿಹಿ. ಎಲ್ಲಾದರೂ ಒಂದು ಹುಳಿಹಣ್ಣು ಸಿಕ್ಕೀತೆಂದು ಕೆಳಗಿನ ಕೊಂಬೆಗಳನ್ನೂ ಎತ್ತಿ ಹುಡುಕಿದ. ಗಿಡದಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತಿಂದು ಮುಗಿಸಿದ. ಒಂದೂ ಹುಳಿ ಇರಲಿಲ್ಲ.