ಹೊಳೆಯ ನಡುವೆ ಕತ್ತರಿಸಿದ ಹಾಡು

ಮದುವೆಯ ವಿಡಿಯೋ ಮಾಡಿ ಹೊಟ್ಟೆ ಹೊರೆಯುವವಳು ನಾನು. ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಸ್ಟುಡಿಯೋ ಇದೆ. ಭಟ್ಕಳದ ನವಾಯತ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸರ ಕ್ಯಾಮೆರಾ ಹೋಗುವಂತಿಲ್ಲ. ಹಾಗಾಗಿ ಸೀಸನ್ ಬಂತೆಂದರೆ ನನಗೆ ಉಸಿರಾಡಲು ಪುರಸೊತ್ತಿರುವುದಿಲ್ಲ. ಅಲ್ಲಾಗಲಿ, ಕುಮಟೆಯಲ್ಲಾಗಲಿ, ಮೂರು ತಾಸಿನ ವಿಡಿಯೋ ಕೊಡದಿದ್ದರೆ ಯಾರಿಗೂ ಸಮಾಧಾನವಿಲ್ಲ. ಕೊಟ್ಟ ಮೇಲೆ ಅದನ್ನು ಯಾರೂ ನೋಡುವುದೂ ಇಲ್ಲ. ಆದರೆ ಊಟದ ಸಾಲಿನಲ್ಲಿ ಒಬ್ಬರ ಮುಖ ಬಿಟ್ಟುಹೋಗಲಿ, ಮಾರನೆ ದಿನವೇ ಫೋನ್ ಬರುತ್ತದೆ: "ನಮ್ಮ ಚಿಕ್ಕಪ್ಪ ಎಲ್ಲಿ?"

ಚಿಕ್ಕಪ್ಪಂದಿರನ್ನು ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದ ಕಾಲದಲ್ಲಿ ನನಗೆ ಕಿರುಚಿತ್ರದ ಹುಚ್ಚು ಹತ್ತಿತು. ಅಲ್ಲಿ ಯಾರನ್ನು ಬಿಟ್ಟರೂ ಕೇಳುವವರಿಲ್ಲ. ಬಿಡುವುದೇ ಅಲ್ಲಿಯ ಕೆಲಸ. ನೋಡಲು ಬಂದವರನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ಕ್ಷೇಮಸಮಾಚಾರ ಕೇಳುವಷ್ಟು ಹೊತ್ತು ಕಿರುಚಿತ್ರಕ್ಕಿಲ್ಲ. ಬಾಗಿಲು ತೆಗೆದ ಕೂಡಲೇ ಮನೆಯೊಳಗಿನ ಜಗಳ ಕೇಳಿಸಬೇಕು. ಜಗಳ ಮುಗಿಯುವ ಮೊದಲೇ ಬಾಗಿಲು ಹಾಕಬೇಕು. ಯಾವಾಗ ಹಾಕಬೇಕು ಎನ್ನುವುದೇ ಕಷ್ಟದ ವಿಷಯ. ಸ್ವಲ್ಪ ಮುಂಚೆ ಹಾಕಿದರೆ ಜನಕ್ಕೆ ಏನೂ ತಿಳಿಯುವುದಿಲ್ಲ, ಸ್ವಲ್ಪ ತಡವಾದರೆ ಆಕಳಿಕೆ ಬರುತ್ತದೆ. ಆ ಒಂದು ಜಾಗ ಸಿಕ್ಕ ದಿನ ನನಗೆ ಊಟ ಸೇರುವುದಿಲ್ಲ, ಅಷ್ಟು ಖುಷಿ.

ನನ್ನ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವ ಹುಡುಗಿಯೊಬ್ಬಳಿದ್ದಳು, ಕುಮಟೆಯ ಆಚೆ ಕಾಗಾಲದವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ತಾಯಿಯ ತಾಯಿ. ಗದ್ದೆ, ತರಕಾರಿ, ಹಾಡು, ಇಷ್ಟೇ ಆ ಅಜ್ಜಿಯ ಲೋಕ. ಅಜ್ಜಿಯೂ ಅವರ ನಾದಿನಿಯೂ ಜಗಲಿಯಲ್ಲಿ ಕೂತು ಈರುಳ್ಳಿಯನ್ನು ಜಡೆಯಂತೆ ಹೆಣೆಯುತ್ತ ಹಾಡುವುದನ್ನು ಒಮ್ಮೆ ಕೇಳಿದೆ. ಅಜ್ಜಿ ಒಂದು ಸಾಲು ಹೇಳಬೇಕು, ನಾದಿನಿ ಅದನ್ನು ಹಿಡಿದು ತಿರುಗಿ ಹೇಳಬೇಕು. ಒಬ್ಬರಿಂದ ಆಗುವ ಹಾಡಲ್ಲ ಅದು. ತುಂಬು ಬಸುರಿಯೊಬ್ಬಳು ತವರಿಗೆ ಹೊರಟ ಕಥೆ. ದೋಣಿ ಸಿಗದೆ ಅವಳು ನಡೆದೇ ಹೊಳೆ ದಾಟುತ್ತಾಳೆ. ನೀರು ಹಿಮ್ಮಡಿಗೆ ಬರುತ್ತದೆ, ಮೊಣಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಒಂದಿಷ್ಟು ಸಾಲು ಕಳೆದರೆ ದಡ.

ಸ್ಪರ್ಧೆಯೊಂದಕ್ಕೆ ಚಿತ್ರ ಕಳಿಸುವುದಿತ್ತು, ಹತ್ತು ನಿಮಿಷ ಮೀರುವಂತಿರಲಿಲ್ಲ. ಚಿತ್ರೀಕರಣದ ದಿನ ನಾನು "ಸಾಕು ಅಜ್ಜಿ" ಅಂದರೂ ಅವರು ನಿಲ್ಲಿಸಲಿಲ್ಲ. ಕೈಯಲ್ಲೇ ಸುಮ್ಮನಿರು ಅಂದು, ಅರ್ಧ ತಾಸಿನ ಹಾಡನ್ನು ಪೂರ್ತಿ ಮುಗಿಸಿಯೇ ಎದ್ದರು. "ಎಲ್ಲ ತಕಂಡ್ತಾ ನಿನ್ನ ಕ್ಯಾಮ್ರಾ?" ಅಂತ ಕೇಳಿದರು. ತಗೊಂಡಿತು ಅಂದೆ. ಅದು ಸುಳ್ಳಲ್ಲ.

ಎಡಿಟಿಂಗಿಗೆ ಕೂತಾಗ ಆ ಜಾಗ ತಾನಾಗಿ ಸಿಕ್ಕಿತು. ನೀರು ಸೊಂಟಕ್ಕೆ ಬಂತು ಅನ್ನುವ ಸಾಲನ್ನು ಅಜ್ಜಿ ಹೇಳುತ್ತಾರೆ. ನಾದಿನಿ ಅದನ್ನು ತಿರುಗಿ ಹೇಳಲು ಬಾಯಿ ತೆರೆಯುತ್ತಾರೆ. ಅರ್ಧ ಹೆಣೆದ ಈರುಳ್ಳಿ ಅವರ ಮಡಿಲಲ್ಲಿದೆ. ಅಲ್ಲಿಗೆ ಪರದೆ ಕಪ್ಪು, ಸದ್ದಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಕತ್ತರಿ ಸರಿಯಾದ ಜಾಗದಲ್ಲೇ ಬಿದ್ದಿತ್ತು, ಇವತ್ತಿಗೂ ಹಾಗೇ ಹೇಳುತ್ತೇನೆ.

ಭಟ್ಕಳದ ಸಭಾಗೃಹವೊಂದರಲ್ಲಿ ಚಿತ್ರ ತೋರಿಸಿದರು. ಅಜ್ಜಿ ಒಳ್ಳೆಯ ಸೀರೆ ಉಟ್ಟು ಮೊಮ್ಮಗಳ ಜೊತೆ ಬಂದಿದ್ದರು. ಮೊಮ್ಮಗಳು ಆಗ ಐದು ತಿಂಗಳ ಬಸುರಿ. ಪರದೆಯ ಮೇಲೆ ತಮ್ಮ ಮುಖ ಕಂಡಾಗ ಅಜ್ಜಿ ನಾಚಿ ಸೆರಗನ್ನು ಬಾಯಿಗಿಟ್ಟುಕೊಂಡರು. ಪರದೆ ಕಪ್ಪಾದಾಗ ಚಪ್ಪಾಳೆಯೋ ಚಪ್ಪಾಳೆ. ದೀಪ ಹತ್ತಿತು. ಅಜ್ಜಿ ಮಾತ್ರ ಆ ಬಿಳಿ ಬಟ್ಟೆಯನ್ನೇ ನೋಡುತ್ತ ಕೂತಿದ್ದರು, ಇನ್ನೂ ಬರುವುದಿದೆ ಎಂದುಕೊಂಡು.

ವಾಪಸು ಅವರಿಬ್ಬರನ್ನು ಕಾಗಾಲಕ್ಕೆ ಕಾರಿನಲ್ಲಿ ಕರೆದುಕೊಂಡು ಹೊರಟೆ. ಶರಾವತಿ ಸೇತುವೆಯ ಮೇಲೆ ಹೋಗುವಾಗ ಅಜ್ಜಿ ಬಾಯಿ ತೆರೆದರು.

"ತಂಗಿ, ಅವಳನ್ನ ನೀರಲ್ಲೇ ಎಂತಕ್ಕೆ ಬಿಟ್ಟೆ?"

"ಅದು ಹಾಗೇ ಅಜ್ಜಿ. ನೋಡ್ದವ್ರು ಮುಂದಿಂದು ತಮ್ಮ ಮನ್ಸಲ್ಲೇ ತುಂಬ್ಕಳ್ತಾರೆ."

"ಅವ್ರಿಗೆ ಹಾಡು ಬರ್ತದ್ಯಾ?"

"ಇಲ್ಲ."

"ಮತ್ತೆ ಎಂತ ತುಂಬ್ಕಳೂದು? ನೀರಾ?"

ನಾನು ನಗಲು ನೋಡಿದೆ, ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಗಲಿಲ್ಲ. ಅಜ್ಜಿ ಸೇತುವೆಯ ಕೆಳಗಿನ ನೀರನ್ನು ನೋಡುತ್ತ ಹೇಳುತ್ತಾ ಹೋದರು. ಹಿಂದೊಮ್ಮೆ ಸಸಿ ನೆಡುವ ನೆಟ್ಟಿಯ ಗದ್ದೆಯಲ್ಲಿ ಇದೇ ಹಾಡು ಹೇಳುತ್ತಿದ್ದರಂತೆ. ಸಿಡಿಲು ಬಿದ್ದು ಎಲ್ಲರೂ ಸಸಿ ಬಿಸಾಡಿ ಓಡಿದರು, ಹಾಡು ಹೊಳೆಯ ನಡುವೆ ಉಳಿಯಿತು. ಮತ್ತೆ ಕೂತು ಮೊದಲಿಂದ ಹೇಳಿ ದಡ ಹತ್ತಿಸಬೇಕಿತ್ತು, ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ. ಅದೇ ವಾರ ಅವರ ಮಗಳಿಗೆ ಹೆರಿಗೆಯಾಯಿತು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಆ ಕೂಸೇ ಹಿಂದಿನ ಸೀಟಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಹಾಗೆಲ್ಲ ಎಂತ ಇಲ್ಲ ಅಜ್ಜಿ" ಅಂದೆ. "ಆತು ಬಿಡು" ಅಂದರು. ಮನೆಗೆ ಹೋಗಿ ನಾದಿನಿಯ ಜೊತೆ ಹಾಡಿ ಸರಿಮಾಡುತ್ತೇನೆ ಅಂದರು. ಆದರೆ ನಾದಿನಿಗೆ ಆಗಲೇ ಎದೆಯಲ್ಲಿ ಕಫ ಕಟ್ಟಿ ದನಿ ಏಳುತ್ತಿರಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಆ ಮುದುಕಿ ತೀರಿಕೊಂಡರು. ವಯಸ್ಸಾಗಿತ್ತು, ಕಾಯಿಲೆಯಿತ್ತು ಅಂತ ನಾನು ನನಗೇ ಹತ್ತು ಸಲ ಹೇಳಿಕೊಂಡೆ. ಮಣ್ಣಿಗೆ ಹೋದಾಗ ಅಜ್ಜಿ ಅಳುತ್ತಿರಲಿಲ್ಲ, ಮೊಮ್ಮಗಳನ್ನೇ ನೋಡುತ್ತಿದ್ದರು. ಆ ನೋಟ ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ.

ಅಷ್ಟರಲ್ಲಿ ಚಿತ್ರ ಫೋನಿಂದ ಫೋನಿಗೆ ಹರಿದಾಡತೊಡಗಿತ್ತು. ನನ್ನ ಒಂಬತ್ತು ನಿಮಿಷವೂ ಜನಕ್ಕೆ ಉದ್ದವಾಯಿತು. ಯಾರೋ ಪುಣ್ಯಾತ್ಮರು ಕೊನೆಯ ತುಣುಕನ್ನಷ್ಟೇ ಕತ್ತರಿಸಿ ಹರಿಬಿಟ್ಟರು. ಅದು ಮುಗಿದ ಕೂಡಲೇ ತಾನಾಗಿ ಮತ್ತೆ ಸುರುವಾಗುತ್ತದೆ. ಹಿಮ್ಮಡಿ, ಮೊಣಕಾಲು, ಸೊಂಟ. ಮತ್ತೆ ಹಿಮ್ಮಡಿ. ನಾನು ಇಂಟರ್ನೆಟ್ಟಿಗೆ ಹಾಕಿದ್ದನ್ನು ನಾನು ತೆಗೆದೆ, ಊರೆಲ್ಲ ಹಂಚಿಹೋದದ್ದನ್ನು ಎಲ್ಲಿಂದ ತೆಗೆಯಲಿ? ತೆಂಗಿನಗುಂಡಿ ಬಂದರಿನಲ್ಲಿ ಮದುಮಕ್ಕಳ ಫೋಟೋ ತೆಗೆಯಲು ಹೋದರೆ, ಬಲೆ ಬಿಡಿಸುತ್ತಿದ್ದವರ ಫೋನಿನಲ್ಲೂ ಅದೇ ದನಿ.

ಆಷಾಢದ ಒಂದು ಮಧ್ಯಾಹ್ನ ಮೊಮ್ಮಗಳನ್ನು ಕುಮಟೆಯ ಆಸ್ಪತ್ರೆಗೆ ಸೇರಿಸಿದರು. ನಾನು ಅಂಗಡಿಗೆ ಬಾಗಿಲು ಹಾಕಿ ಓಡಿದೆ. ಮಳೆಗೆ ಹೊರಗೆ ಎದುರಿನ ರಸ್ತೆಯೂ ಕಾಣುತ್ತಿರಲಿಲ್ಲ. ನರ್ಸ್ ಒಬ್ಬರು ಬಂದು, ಕೂಸು ಹುಟ್ಟಿದೆ, ಆದರೆ ತಾಯಿಗೆ ರಕ್ತ ನಿಲ್ಲುತ್ತಿಲ್ಲ ಅಂದು ಒಳಗೆ ಹೋದರು. ಗಂಡ ರಕ್ತ ತರಲು ಓಡಿದ. ಬೆಂಚಿನ ಮೇಲೆ ನಾನೂ ಅಜ್ಜಿಯೂ ಉಳಿದೆವು. ಪಕ್ಕದಲ್ಲಿ ಬೇರೆ ಯಾರದೋ ಕಡೆಯ ಒಬ್ಬಾತ ಬೇಸರಕ್ಕೆ ಫೋನ್ ಒತ್ತುತ್ತಿದ್ದ. ಅದರೊಳಗಿಂದ ಅಜ್ಜಿಯ ದನಿ ಬಂತು. ಸೊಂಟದವರೆಗೆ ಬಂದು ನಿಂತಿತು.

ಅಜ್ಜಿ ನನ್ನ ಮಣಿಕಟ್ಟು ಹಿಡಿದರು. "ತಂಗಿ, ನಾ ಹೇಳ್ತೆ. ನೀ ತಿರುಗಿ ಹೇಳು."

"ಇಲ್ಲಿಯಾ? ಆಸ್ಪತ್ರೇಲಾ?"

"ಮತ್ತೆ ಯಾರಿದ್ದಾರೆ ನಂಗೆ?"

ಸುರು ಮಾಡಿದೆವು. ಮೊದಮೊದಲು ನಾಚಿಕೆಯಾಯಿತು. ಯಾರೋ ಸಿಡುಕಿದರು, ಇನ್ಯಾರೋ ಅವರನ್ನು ಸುಮ್ಮನಿರಿಸಿದರು. ತಿಂಗಳುಗಟ್ಟಲೆ ಎಡಿಟ್ ಮಾಡಿದ ನನಗೆ ಹೊಳೆಯ ಸಾಲುಗಳು ಬಾಯಿಪಾಠವಿದ್ದವು. ಅಜ್ಜಿ ಎಲ್ಲಿ ಉಸಿರು ಎಳೆಯುತ್ತಾರೆ ಎನ್ನುವುದೂ ಗೊತ್ತಿತ್ತು, ಆದರೆ ಸೊಂಟದವರೆಗೆ ಮಾತ್ರ. ಅಲ್ಲಿಂದ ಮುಂದಿನದನ್ನು ಮೊದಲ ಸಲ ಜಗಲಿಯಲ್ಲಿ, ಆಮೇಲೆ ಚಿತ್ರೀಕರಣದ ದಿನ ಕೇಳಿದ್ದು ಬಿಟ್ಟರೆ ಮತ್ತೆ ಕೇಳಿರಲಿಲ್ಲ.

ನೀರು ಸೊಂಟಕ್ಕೆ ಬಂತು ಅಂತ ಅಜ್ಜಿ ಹೇಳಿದರು. ಆಗಲೇ ಎದುರಿನ ಬಾಗಿಲು ತೆರೆಯಿತು. ಅದೇ ನರ್ಸ್. ಮುಖಕ್ಕೆ ಮಾಸ್ಕ್ ಇತ್ತು, ಕಣ್ಣಿನಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ. "ಕಾಗಾಲದವ್ರು ಯಾರ್ರೀ?" ಅಂದರು.

ಕತ್ತರಿಸುವುದಿದ್ದರೆ ಅದೇ ಜಾಗ. ತೆರೆದ ಬಾಗಿಲು, ಕಾಣದ ಮುಖ, ಅರ್ಧ ಸಾಲು. ಇಷ್ಟು ವರ್ಷ ನಾನು ಹುಡುಕಿಕೊಂಡು ಅಲೆದದ್ದು ಇಂಥದ್ದನ್ನೇ. ಅದು ನನ್ನೆದುರೇ ಬಂದು ನಿಂತಾಗ ನನಗೆ ಬೇಡವಾಯಿತು, ಆ ಹುಡುಗಿ ಬದುಕಿದರೆ ಸಾಕಾಗಿತ್ತು. ನಾನು ಏಳಹೊರಟೆ. ಅಜ್ಜಿ ಕೈ ಬಿಡಲಿಲ್ಲ. ಕೂತೆ, ಸಾಲನ್ನು ತಿರುಗಿ ಹೇಳಿದೆ.

ಮುಂದಿನದಕ್ಕೆ ಅಜ್ಜಿಯ ಬಾಯಿಯನ್ನೇ ನೋಡುತ್ತ ಹೋದೆ. ನೀರು ಎದೆಗೆ ಬಂತು. ತಾಯಿ ದಡದಿಂದ ಸೆರಗು ಎಸೆದಳು. ಮಗಳಿಗೆ ಅದು ಸಿಗಲಿಲ್ಲ. ಮತ್ತೆ ಎಸೆದಳು, ಸಿಕ್ಕಿತು. ನರ್ಸ್ ಇನ್ನೊಮ್ಮೆ ಕರೆದರು, ಆಮೇಲೆ ಯಾಕೋ ಬಾಗಿಲು ಹಿಡಿದುಕೊಂಡು ಕೇಳುತ್ತ ನಿಂತರು. ದಡದ ಮಣ್ಣು ಕಾಲಿಗೆ ತಾಗಿತು ಎಂಬ ಸಾಲನ್ನು ನಾನು ತಿರುಗಿ ಹೇಳುವವರೆಗೂ ಅಜ್ಜಿ ನನ್ನ ಕೈಯನ್ನು ಹಿಡಿದೇ ಇದ್ದರು.

"ರಕ್ತ ನಿಂತದೆ" ಅಂದರು ನರ್ಸ್. "ಹೆಣ್ಣುಕೂಸು. ಇಬ್ರೂ ಆರಾಮಿದ್ದಾರೆ." ನಾನು ಗೊಳೋ ಎಂದು ಅತ್ತುಬಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಅತ್ತಿಲ್ಲ.

ಅಜ್ಜಿ ಅಳಲೂ ಇಲ್ಲ, ಏಳಲೂ ಇಲ್ಲ. ಪಕ್ಕದವನು ಫೋನನ್ನು ಇನ್ನೊಬ್ಬರ ಮುಂದೆ ಹಿಡಿದು, "ಇದೇ ಅಜ್ಜಿ ನೋಡಿ" ಅಂತ ಪಿಸುಗುಟ್ಟುತ್ತಿದ್ದ. ಅಜ್ಜಿ ಆ ಕಡೆ ಕಣ್ಣು ತಿರುಗಿಸಿ ನನ್ನನ್ನು ಕೇಳಿದರು.

"ತಂಗಿ, ಅದ್ರೊಳಗೆ ಹೊಳೇಲಿ ನಿಂತವಳು ದಡ ಹತ್ತೂದು ಯಾವಾಗ?"

ಅವನು ಬೆರಳು ಒತ್ತಿದ. ನೀರು ಹಿಮ್ಮಡಿಗೆ ಬಂತು.