ಹುಣಸೆಹಣ್ಣಿನಲ್ಲಿ ತೊಳೆದ ದೀಪ

ಹ್ಯೂಸ್ಟನ್ನಿನಿಂದ ಗಂಟೆ ಹೊತ್ತು ಡ್ರೈವ್ ಮಾಡಿದರೆ, ಮರದ ಮಿಲ್ಲುಗಳಲ್ಲಿ ದುಡ್ಡು ಮಾಡಿದ ಸಾಹುಕಾರನೊಬ್ಬ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿಸಿದ ಹಳ್ಳಿಮನೆ ಸಿಗುತ್ತದೆ. ಹಳ್ಳಿಮನೆ ಎಂದರೆ ಗುಡಿಸಲಲ್ಲ, ಬೇಸಿಗೆ ಕಳೆಯಲೆಂದೇ ಇಪ್ಪತ್ತು ಕೋಣೆ. ಈಗ ಅಲ್ಲಿ ಮಲಗುವವರು ಯಾರೂ ಇಲ್ಲ, ಅದೊಂದು ಮ್ಯೂಸಿಯಂ. ಶನಿವಾರ ಶನಿವಾರ ಅಲ್ಲಿ ಪುಕ್ಕಟೆಯಾಗಿ ಧೂಳು ಒರೆಸುತ್ತಿದ್ದವಳು ಧಾರವಾಡದ ನಿಂಗವ್ವ.

ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್ ಊರಿನಲ್ಲಿ ಮಗಳು ಪ್ರೇರಣಾಳ ಮನೆಯಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ. ಪಾತ್ರೆಯನ್ನೂ ಮಷೀನೇ ತೊಳೆಯುತ್ತಿತ್ತು. ಅವಳ ಕೈಗೆ ಬೆಲೆಯಿದ್ದದ್ದು ಆ ದೊಡ್ಡಮನೆಯಲ್ಲಿ ಮಾತ್ರ. ಮೇಲ್ವಿಚಾರಕಿ ಕ್ಯಾರಲ್ ಬಹಳ ದಿನ ನೋಡಿ, ಕಡೆಗೆ ಊಟದ ಕೋಣೆಯ ಬೀಗದ ಕೈ ಕೊಟ್ಟಾಗ, ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಮುದುಕಿ ಮೆರೆದದ್ದೇ ಮೆರೆದದ್ದು.

2016ರ ಏಪ್ರಿಲಿನಲ್ಲಿ ಸಾಹುಕಾರನ ವಂಶದವರು ಮನೆ ನೋಡಲು ಬರುವವರಿದ್ದರು. ಊಟದ ಮೇಜಿನ ಮೇಲಿನ ಹಿತ್ತಾಳೆ ದೀಪ ಕರ್ರಗಿತ್ತು. ಮನೆಯ ಮಕ್ಕಳು ಬರುವಾಗ ದೀಪ ಹಾಗಿದ್ದರೆ ಮನೆತನದ ಮಾನವೇನಾಗಬೇಕು? ಒಣಬಟ್ಟೆಯಲ್ಲಿ ಒರೆಸು, ಅಷ್ಟೇ ಎಂದು ಕ್ಯಾರಲ್ ಹೇಳಿದ್ದು ನೆನಪಿತ್ತು. ಆದರೂ ಡಬ್ಬಿಯಲ್ಲಿ ಹುಣಸೆಹಣ್ಣು, ಉಪ್ಪು ಒಯ್ದಳು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ತಿಕ್ಕಿ ತಿಕ್ಕಿ ದೀಪವನ್ನು ಬಂಗಾರ ಮಾಡಿಟ್ಟಳು.

ಕ್ಯಾರಲ್ ಬಂದು ನೋಡಿದವಳೇ, ಯಾರೂ ಕೂಡಬಾರದೆಂದು ಹಗ್ಗ ಕಟ್ಟಿದ್ದ ಕುರ್ಚಿಯಲ್ಲಿ ಕುಸಿದು ಕೂತಳು. ಯಾರು ಮಾಡಿದ್ದೆಂದು ಕೇಳಿದಾಗ ನಿಂಗವ್ವ ನಗುತ್ತ ಎದೆ ಮುಟ್ಟಿ ತೋರಿಸಿದಳು.

ಕರೆದೊಯ್ಯಲು ಬಂದ ಪ್ರೇರಣಾ ಬಿಡಿಸಿ ಹೇಳಬೇಕಾಯಿತು. "ಅವ್ವಾ, ಆ ಕಪ್ಪು ಕಿಲುಬಲ್ಲಂತ. ದೀಪಾ ಮಾಡಿದವರು ಬೇಕಂತನಽ ಹಚ್ಚಿದ ಬಣ್ಣಂತ. ಅಂಥಾದ್ದು ಇದೊಂದಽ ಉಳದಿತ್ತಂತ."

"ಮತ್ತ ಹಚ್ಚಾಕ ಬರೂದಿಲ್ಲೇನು?"

"ಇಲ್ಲಂತ."

ಕ್ಯಾರಲ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಸುಮ್ಮನೆ ಕೈ ಚಾಚಿದಳು. ಸೆರಗಿನ ಗಂಟು ಬೆರಳಿಗೆ ಬಿಚ್ಚಲೊಲ್ಲದು. ನಿಂಗವ್ವ ಹಲ್ಲಿನಿಂದ ಕಚ್ಚಿ ಬಿಚ್ಚಿ ಬೀಗದ ಕೈ ಕೊಟ್ಟಳು. ಆ ಮನೆಗೆ ಅವಳು ಮತ್ತೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ.

ಕೆಲವು ವಾರಗಳ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಪ್ರೇರಣಾ ದೇವರ ಗೂಡು ನೋಡಿ ಕೇಳಿದಳು. "ಅವ್ವಾ, ನಮ್ಮ ದೀಪಾ ಕರ್ರಗಾಗೇತಲ್ಲ. ತಿಕ್ಕಿಲ್ಲೇನು?"

ನಿಂಗವ್ವ ತನ್ನ ಎರಡೂ ಕೈ ನೋಡಿಕೊಂಡಳು. "ನೀನಽ ತಿಕ್ಕವಾ. ನಾ ಮುಟ್ಟಿದ್ದು ಕೆಡತೈತಿ."

ಪ್ರೇರಣಾಳಿಗೆ ಆಫೀಸಿಗೆ ಹೊತ್ತಾಗಿತ್ತು. ದೀಪ ಹಾಗೇ ಉಳಿಯಿತು.