ಹತ್ತು ಬೆರಳಿನ ಶಿವಮಲ್ಲಪ್ಪ

ಮನೆಗೆ ಯಾರೇ ಬರಲಿ, ಶಿವಮಲ್ಲಪ್ಪನವರ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಕೈಗೆ. ಮುಖ ಆಮೇಲೆ. ನಂಜನಗೂಡಿನ ಅವರ ಮನೆಯ ಜಗಲಿ ಹತ್ತಿ ನಾನು ಮೊದಲ ಸಲ ನಮಸ್ಕಾರ ಎಂದಾಗಲೂ ಅಷ್ಟೇ. ಜೋಡಿಸಿದ ಕೈಗಳನ್ನು ಹಾಗೇ ಹಿಡಿದು, ಬಿಡಿಸಿ, ಅಂಗೈ ಮೇಲೆ ಮಾಡಿ ಬೆಳಕಿಗೆ ತಿರುಗಿಸಿ ನೋಡಿದರು. ನಾನು ಯಾರು, ಯಾಕೆ ಬಂದೆ, ಒಂದನ್ನೂ ಕೇಳಲಿಲ್ಲ.

“ಏನವ್ವ ಇದು, ಕೈಯಾ, ಒಗೆಯೋ ಕಲ್ಲಾ? ಒಂದು ಗೆರೆನೂ ನೆಟ್ಟಗಿಲ್ವಲ್ಲ,” ಅಂದರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಹದಿನಾರು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ, ದಿನಕ್ಕೆ ಐವತ್ತು ಸಲ ಸೋಪು, ಸ್ಯಾನಿಟೈಸರು, ಗ್ಲೌಸು, ಈ ಕೈ ಇನ್ನು ಹೇಗಿರಬೇಕು ಎಂದು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಅಂಗಾದ್ರೆ ಮರ್ವಾದೆ ಕೈ ಬುಡು. ಕುಂತ್ಕೊ,” ಅಂದರು.

ನನ್ನ ಸಂಕಟ ಇಷ್ಟು. ನಾನು ಟಿ. ನರಸೀಪುರದವಳು. ಮಸ್ಕತ್ತಿನಲ್ಲಿ ಆರು ವರ್ಷ ಇದ್ದು, ಆಮೇಲೆ ಐರ್ಲೆಂಡಿನ ಒಂದು ವೃದ್ಧರ ಆರೈಕೆ ಮನೆಗೆ ಸೇರಿದ್ದೆ. ಕೆಲಸ ಕಾಯಂ ಆಗಬೇಕಾದರೆ ಮಸ್ಕತ್ತಿನಲ್ಲಿ ನನ್ನ ಮೇಲೆ ಯಾವ ಕೇಸೂ ಇರಲಿಲ್ಲ ಎಂಬ ಪೊಲೀಸ್ ಪತ್ರ ಬೇಕು, ಆ ಪತ್ರಕ್ಕೆ ಹತ್ತೂ ಬೆರಳಿನ ಇಂಕಿನ ಗುರುತು ಬೇಕು. ಐರ್ಲೆಂಡಿನಲ್ಲೇ ಎರಡು ಸಲ ಕೊಟ್ಟೆ. ಎರಡು ಸಲವೂ ಗೆರೆ ಕಾಣುತ್ತಿಲ್ಲ ಎಂದು ವಾಪಸು ಬಂತು. ಮೂರನೆಯದೂ ಬಂದರೆ ಕೆಲಸ ಬೇರೆಯವರಿಗೆ ಎಂದು ಕಾಗದ ಬರೆದಿದ್ದರು. ಆ ಕೆಲಸದ ಮೇಲೆ ನನ್ನ ವೀಸಾ, ವೀಸಾದ ಮೇಲೆ ಅಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದ ಮಗಳ ಓದು. ತಂಗಿಯ ಗೃಹಪ್ರವೇಶಕ್ಕೆಂದು ಹತ್ತು ದಿನ ರಜೆ ಹಾಕಿ ಬಂದಾಗ ಖಾಲಿ ಫಾರಂಗಳನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದಿದ್ದೆ. ನಮ್ಮೂರ ಸ್ಟೇಷನ್ನಿನಲ್ಲಿ ವಿಚಾರಿಸಿದರೆ, “ಈಗೆಲ್ಲ ಮಿಷನ್ನು ಮೇಡಂ. ಇಂಕಲ್ಲಿ ತೆಗೆಯೋ ಕೈ ಅಂದ್ರೆ ನಂಜನಗೂಡಿನ ಶಿವಮಲ್ಲಪ್ಪೋರು. ಅವರತ್ರ ತೆಗೆಸಿ, ಅಲ್ಲಿ ಸ್ಟೇಷನ್ನಲ್ಲೇ ಸೀಲ್ ಹಾಕಿಸ್ಕೊಳಿ,” ಎಂದರು.

ಶಿವಮಲ್ಲಪ್ಪನವರು ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಎಪ್ಪತ್ತು ದಾಟಿದ್ದರೂ ನೆಟ್ಟಗಿನ ಬೆನ್ನು, ಬಿಳಿ ಪಂಚೆ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆಗೂ ತೋಳಿಗೂ ಸುಣ್ಣ ಬಳಿದಷ್ಟು ದಪ್ಪ ವಿಭೂತಿ. ವಿಭೂತಿ ಇಲ್ಲದ ಮಾವನ ಹಣೆಯನ್ನು ತಾನು ಮದುವೆಯಾಗಿ ಬಂದ ಮೇಲೆ ನೋಡಿಯೇ ಇಲ್ಲ ಎಂದು ಸೊಸೆ ಗಿರಿಜಾ ನಗುತ್ತಿದ್ದಳು.

ಅವತ್ತು ಅವರು ಗುರುತು ತೆಗೆಯಲೇ ಇಲ್ಲ. “ಮೂರು ದಿಸ ನೀರು ಮುಟ್ಬ್ಯಾಡ. ಸೋಪು ಬ್ಯಾಡ, ಪಾತ್ರೆ ಬ್ಯಾಡ, ಈರುಳ್ಳಿ ಎಚ್ಬ್ಯಾಡ. ಒತ್ತೊತ್ತಿಗೂ ಬೆಣ್ಣೆ ಸವ್ರಿಕೊ. ನಾಕನೇ ದಿಸ ಬಾ,” ಎಂದು ಕಳಿಸಿಬಿಟ್ಟರು. ರಜೆಯಲ್ಲಿ ಉಳಿದಿದ್ದುದೇ ಐದು ದಿನ. ಬಸ್ಸಿನುದ್ದಕ್ಕೂ ಬೈದುಕೊಂಡೇ ಬಂದೆ.

ಗೃಹಪ್ರವೇಶದ ಮನೆಯಲ್ಲಿ ನೀರು ಮುಟ್ಟದೆ ಇರುವುದೆಂದರೆ ಏನು! ನಲವತ್ತು ಜನ ನೆಂಟರು, ತಂಗಿ ಒಬ್ಬಳೇ ಒದ್ದಾಡುತ್ತಿದ್ದಾಳೆ, ನಾನು ಕೈಗೆ ಬೆಣ್ಣೆ ಬಳಿದುಕೊಂಡು ಮೂಲೆಯಲ್ಲಿ ಗೊಂಬೆಯ ಹಾಗೆ ಕೂತಿದ್ದೇನೆ. ನಮ್ಮ ಸೋದರತ್ತೆ ಎಲ್ಲರಿಗೂ ಕೇಳುವ ಹಾಗೆ, “ಪಾರಿನ್ನಿಂದ ಬಂದವ್ಳೆ, ಒಂದು ಲೋಟ ತೊಳುದ್ರೆ ಸವ್ದೋಯ್ತಾಳೆ,” ಅಂದಳು. ಉತ್ತರ ನಾಲಗೆಯ ಮೇಲೇ ಇತ್ತು. ಬೆಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ.

ನಾಲ್ಕನೆಯ ದಿನ ಹೋದಾಗ ಕೈ ನೋಡಿ ತಲೆಯಾಡಿಸಿದರು. ಬಟ್ಟೆಯ ಚೀಲದಿಂದ ಗಾಜಿನ ಹಲಗೆ, ರಬ್ಬರಿನ ರೋಲರು, ಇಂಕಿನ ಟ್ಯೂಬು, ಭೂತಗನ್ನಡಿ ಒಂದೊಂದಾಗಿ ಹೊರಬಂದವು. ದೇವರ ಗೂಡಿನಿಂದ ವಿಭೂತಿಯ ಡಬ್ಬಿಯನ್ನೂ ತಂದರು. ಹೆದರಿದರೆ ನನ್ನ ಅಂಗೈ ಬೆವರುತ್ತದೆ. ವಿಭೂತಿಯನ್ನು ನುಣ್ಣಗೆ ಮಾಡಿ ಬೆರಳ ತುದಿಗೆ ಸವರಿ, ಬೆವರು ಹೀರಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರು.

ಇಂಕು ಹತ್ತಿದ ಬೆರಳನ್ನು ಒಂದು ರದ್ದಿ ಕಾಗದದ ಮೇಲೆ ಇಡುತ್ತಿದ್ದಂತೆ ನಾನೇ ಒತ್ತಿಬಿಟ್ಟೆ. ಕಪ್ಪು ಮುದ್ದೆ ಮೂಡಿತು.

“ಸಾಯ ಮಾಡ್ಬ್ಯಾಡ ಕಣವ್ವ, ನಾನೇ ಒತ್ತೀನಿ,” ಅಂದರು. “ಬಂದೋರೆಲ್ಲ ಇದೇ ಮಾಡದು. ಕಳ್ರೂ ಸಾಯ ಮಾಡ್ತಾರೆ, ಮೇಷ್ಟ್ರೂ ಸಾಯ ಮಾಡ್ತಾರೆ. ಕೈಯ ನಂಗೆ ಕೊಟ್ಬುಡು. ನೀನು ಆ ಕಡೆ ನೋಡು.”

ಮುದುಕರ ಕೈ ಹಿಡಿದು ಎಬ್ಬಿಸಿ, ಕೂರಿಸಿ, ನಡೆಸಿ ಅಭ್ಯಾಸವಾದ ನನಗೆ ನನ್ನ ಕೈಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಗೊತ್ತೇ ಇರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಹಸುವನ್ನು ನೋಡುತ್ತಾ ಕೂತೆ. ಒಂದೊಂದು ಬೆರಳನ್ನೂ ಉಗುರಿನ ಈ ಅಂಚಿನಿಂದ ಆ ಅಂಚಿಗೆ ಹೊರಳಿಸಿ ಎರಡು ಫಾರಂಗಳ ಮೇಲೆ ಒತ್ತುತ್ತಾ ಹೋದರು. ಒಂದು ನನಗೆ, ಇನ್ನೊಂದು ದಾರಿಯಲ್ಲಿ ಕಳೆದರೆ ಇರಲಿ ಎಂದು ಅವರ ಹತ್ತಿರ. ತಲುಪಿದ ಸುದ್ದಿ ಬಂದ ದಿನ ಅದನ್ನು ಬಚ್ಚಲ ಒಲೆಗೆ ಹಾಕುವುದು ಅವರ ಪದ್ಧತಿ. “ಒಬ್ರ ಬೆಳ್ಳು ಇನ್ನೊಬ್ರ ಮನೇಲಿ ಮಡಿಕಬಾರ್ದು,” ಎನ್ನುತ್ತಿದ್ದರು.

ಎಡಗೈ ನಡೆಯುತ್ತಿರುವಾಗ ಐರ್ಲೆಂಡಿನಿಂದ ಫೋನು ಬಂತು. ಕೈ ಎಳೆದುಕೊಂಡು ಮಾತಾಡಿ, ಮತ್ತೆ ಕೊಟ್ಟೆ. ಮುಗಿದ ಮೇಲೆ ನೋಡಿದರೆ ಗೆರೆಗಳು ಕೂದಲೆಳೆಯ ಹಾಗೆ ಎದ್ದು ಕಾಣುತ್ತಿದ್ದವು. ಸ್ಟೇಷನ್ನಿಗೆ ಜೊತೆಗೇ ಬಂದು ಸೀಲು ಹಾಕಿಸಿಕೊಟ್ಟರು. ಅವತ್ತು ನಾನು ಚೆನ್ನಾಗಿ ಊಟ ಮಾಡಿದೆ.

ಮರುದಿನ ನನ್ನ ಪ್ರಯಾಣ. ಶಿವಮಲ್ಲಪ್ಪನವರಿಗೂ ಗಿರಿಜಾಗೂ ಹೇಳಿ ಹೋಗೋಣವೆಂದು ನಂಜನಗೂಡಿನಲ್ಲಿ ಇಳಿದು, ಅವರ ಮನೆ ಕಡೆಗೆ ಆಟೋ ನೋಡುತ್ತಿದ್ದೆ. ಮೈಸೂರಿನಲ್ಲಿ ಫಾರಂ ಕೊರಿಯರ್‌ಗೆ ಕೊಟ್ಟು, ಅಲ್ಲಿಂದ ಬೆಂಗಳೂರು, ಸಂಜೆ ವಿಮಾನ. ಬಸ್‌ಸ್ಟ್ಯಾಂಡಿನ ಆಚೆಯಿಂದ ಯಾರೋ ಕೂಗಿದರು. ಶಿವಮಲ್ಲಪ್ಪನವರು ಚೀಲವನ್ನು ಎದೆಗೆ ಅವುಚಿಕೊಂಡು ಓಡಿಬರುತ್ತಿದ್ದರು. ಆ ವಯಸ್ಸಿನಲ್ಲಿ ಓಡುವುದೆಂದರೆ!

“ನಿಮ್ಮೂರಿಗೆ ಒಂಟಿದ್ದೆ ಕಣವ್ವ, ಇಲ್ಲೇ ಸಿಕ್ಬುಟ್ಟೆ. ತಪ್ಪಾಗ್ಬುಟ್ಟದೆ,” ಅಂದರು. ಏದುಸಿರು. “ಆ ಫಾರಂ ಕಳಿಸ್ಬ್ಯಾಡ. ನನ್ನತ್ರ ಇರೋ ಶೀಟ್ನ ಬೆಳಿಗ್ಗೆ ಭೂತಗನ್ನಡಿ ಮಡಗಿ ನೋಡ್ದೆ. ಎಡಗೈ ನಡುಬೆಳ್ಳು ಎರಡು ಸಲ ಬಿದ್ದದೆ. ಉಂಗುರದ ಬೆಳ್ಳು ಬಿದ್ದೇ ಇಲ್ಲ.”

ಬ್ಯಾಗಿನ ಜಿಪ್ಪು ಎಳೆದು ಫಾರಂ ತೆಗೆದು ನೋಡಿದೆ. ಆಮೇಲೆ ಸಿಟ್ಟು. ಮೂರು ದಿನ ಕೂರಿಸಿ, ನೆಂಟರ ಬಾಯಿಗೆ ಹಾಕಿ, ಕೊನೆಗೆ ಇದಾ ನೀವು ಮಾಡಿದ್ದು ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೂಗಾಡಿದೆ. ನಾಚಿಕೆಯಾಗುತ್ತದೆ ಈಗ. ಅವರು ನನ್ನ ಫೋನಿನ ಮಾತು ಎತ್ತಲೇ ಇಲ್ಲ. ನಾನೇ ಎತ್ತಿದೆ, ಫೋನು ಬಂತಲ್ಲ ಆಗಲೇ ಆಗಿರಬೇಕು ಎಂದು.

“ನೀನು ಕೈ ಎಳ್ಕೊಂಡೆ, ಸರಿ. ಎಣಿಸ್ಬೇಕಾದೋನು ನಾನಲ್ವಾ?” ಅಂದರು. ಆಟೋದಲ್ಲಿ ಸ್ಟೇಷನ್ನಿಗೆ ಹೋಗುವಾಗ ಅವರಾಗಿಯೇ ಹೇಳಿದರು: “ಸರ್ವೀಸಿಗೆ ಸೇರ್ದ ವರ್ಸ ಇಬ್ಬರ ಶೀಟು ಅದಲು ಬದಲು ಮಾಡ್ಬುಟ್ಟಿದ್ದೆ. ಏನೂ ಮಾಡ್ದೇ ಇದ್ದೋನು ನಾಕು ದಿಸ ಒಳಗಿದ್ದ. ಈಚೆಗೆ ಬಂದಾಗ ಅವ್ನು ನನ್ನ ಒಂದು ಮಾತೂ ಬಯ್ಯಲಿಲ್ಲ ಕಣವ್ವ. ಬಯ್ದಿದ್ರೆ ಮರ್ತೋಯ್ತಿತ್ತು. ನೀನು ಬಯ್ದೆ, ಒಳ್ಳೇದಾಯ್ತು.”

ಸ್ಟೇಷನ್ನಿನಲ್ಲಿ ಸಾಹೇಬರು ಬಂದೋಬಸ್ತಿಗೆ ಹೊರಟು ನಿಂತಿದ್ದರು, ಜೀಪು ಶುರುವಾಗಿತ್ತು. ಶಿವಮಲ್ಲಪ್ಪನವರು ಸೆಲ್ಯೂಟ್ ಹೊಡೆದು, “ತಪ್ಪು ನಂದು ಸಾ. ಹತ್ತು ನಿಮಿಷ,” ಎಂದರು. ಸಾಹೇಬರು ವಾಚು ನೋಡಿಕೊಂಡು, ಹತ್ತೇ ನಿಮಿಷ ಎಂದು ಕುರ್ಚಿಗೆ ಮರಳಿದರು.

ಮೇಜಿನ ಮೇಲೆ ನನ್ನ ಬ್ಯಾಗಿನಲ್ಲಿ ಉಳಿದಿದ್ದ ಎರಡು ಖಾಲಿ ಫಾರಂ ಬಂತು, ಗಾಜು ಬಂತು, ಇಂಕು ಹರಡಿತು. ನನ್ನ ಕೈ ನೋಡಿದರೆ ನೀರಿನಲ್ಲಿ ಅದ್ದಿ ತೆಗೆದ ಹಾಗಿದೆ. ಬಟ್ಟೆಯಲ್ಲಿ ಒರೆಸಿದಷ್ಟೂ ಬೆವರು. ಚೀಲಕ್ಕೆ ಕೈ ಹಾಕಿದ ಶಿವಮಲ್ಲಪ್ಪನವರ ಮುಖ ಸಣ್ಣಗಾಯಿತು. ಅವಸರದಲ್ಲಿ ವಿಭೂತಿಯ ಡಬ್ಬಿ ದೇವರ ಗೂಡಿನಲ್ಲೇ ಉಳಿದುಬಿಟ್ಟಿತ್ತು. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ.

 ಬಲಗೈ ಎತ್ತಿ ತಮ್ಮ ಹಣೆಯ ವಿಭೂತಿಯನ್ನು ಉಜ್ಜಿ ಉಜ್ಜಿ ತೆಗೆದರು. ಓಡಿ ಬಂದ ಬೆವರಿಗೆ ನೆನೆಯದೆ ಉಳಿದದ್ದು ಸಾಲಲಿಲ್ಲ, ತೋಳಿನದನ್ನೂ ತೆಗೆದರು. ನನ್ನ ಹತ್ತೂ ಬೆರಳಿಗೆ ಸವರಿದರು. ನಾನು ಬೇಡ ಬೇಡ ಎಂದೆ.

“ಮ್ಯಾಲಿರೋನು ಏನೂ ಬೇಜಾರ್ ಮಾಡ್ಕಳಾಕಿಲ್ಲ. ಕೈ ಕೊಡು. ಈ ಸಲ ಇಬ್ರೂ ಎಣಿಸುವಾ.”

ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಎಂದು ಶಾಲೆಯ ಮಕ್ಕಳ ಹಾಗೆ ಇಬ್ಬರೂ ಗಟ್ಟಿಯಾಗಿ ಹೇಳಿದೆವು. ಎಡಗೈಯ ಉಂಗುರದ ಬೆರಳು ಬಂದಾಗ ಎರಡು ಸಲ ಹೇಳಿಸಿದರು. ನಾನು ಸಹಾಯ ಮಾಡಲಿಲ್ಲ. ಸೀಲು ಬಿದ್ದಾಗ ಸಾಹೇಬರ ಹತ್ತು ನಿಮಿಷ ಹದಿನೈದಾಗಿತ್ತು.

ಮೈಸೂರು ಬಸ್ಸಿಗೆ ಹತ್ತಿಸಲು ಬಂದರು. ಕೈ ತುಂಬ ಇಂಕು, ಪಂಚೆಗೆ ತಾಗದಿರಲೆಂದು ಎರಡೂ ಕೈಗಳನ್ನು ದೂರ ಹಿಡಿದು ನಿಂತಿದ್ದರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಹಣೆ ಬರಿದಾಗಿತ್ತು.

ತಿಂಗಳಾದ ಮೇಲೆ ಮಸ್ಕತ್ತಿನ ಪೊಲೀಸ್ ಪತ್ರ ಬಂತು. ಫೋನು ಮಾಡಿದರೆ, “ಕೈ ಎಂಗದವ್ವ?” ಎಂದು ಮೊದಲು ಕೇಳಿದರು. ಆಮೇಲೆ, “ಎರಡ್ನೇ ಶೀಟು ಸುಟ್ಟಾಕ್ತೀನಿ,” ಅಂದರು. ಅದೇ ಕೊನೆಯ ಮಾತು. ನಾನು ಮುಂದಿನ ರಜೆಗೆ ಬರುವಷ್ಟರಲ್ಲಿ ಅವರು ಇರಲಿಲ್ಲ.

ಗಿರಿಜಾ ಗೋಡೆಯ ಫೋಟೊ ತೋರಿಸಿದಳು. ಹಣೆಯ ತುಂಬ ದಪ್ಪ ವಿಭೂತಿ, ಮೇಲೆ ಹೂವಿನ ಹಾರ. ಎಲ್ಲರೂ ಕಂಡಿದ್ದ ಶಿವಮಲ್ಲಪ್ಪನವರು ಅವರು. ಬರಿಹಣೆಯ ಶಿವಮಲ್ಲಪ್ಪನವರನ್ನು ನೋಡಿದವಳು ನಾನು.  ಗೂಡಿನಲ್ಲಿದ್ದ ಡಬ್ಬಿ ತೆಗೆದು, ಒಂದು ಚಿಟಿಕೆ ಬೆರಳಿಗೆ ಹಚ್ಚಿಕೊಂಡು ಬಂದೆ.